ನಾಣಿಯ ಹೆಸರು ಬರುವ ಹೊತ್ತು

ರೇಡಿಯೋದಲ್ಲಿ ತನ್ನ ಹೆಸರು ಬರಬೇಕು ಅನ್ನುವುದು ಸಕ್ಕರೆ ಕಾಯಿಲೆಯಂಥದ್ದು. ಒಮ್ಮೆ ಬಂದರೆ ಹೋಗುವುದಿಲ್ಲ, ಸಾಯುವವರೆಗೆ ಸಂಭಾಳಿಸಬೇಕು ಅಷ್ಟೆ. ಹೊಸ ತಿಪ್ಪಸಂದ್ರದ ನಾಣಿಗೆ ಇದು ಹೈಸ್ಕೂಲಿನಲ್ಲೇ ಅಂಟಿತ್ತು. ಆಗ ಕೋರಿಕೆ ಗೀತೆಗಳ ಕಾರ್ಯಕ್ರಮಕ್ಕೆ ಜನ ಕಾರ್ಡು ಬರೆಯುತ್ತಿದ್ದರು, ಹಾಡಿಗೆ ಮುಂಚೆ ಕೋರಿದವರ ಹೆಸರು ಓದುತ್ತಿದ್ದರು. ಮನೆಯಲ್ಲಿ ಕಾರ್ಡು ಬರೆಯುವ ಕೆಲಸ ನಾಣಿಯದು, ಹೆಸರು ಹಾಕುವ ಕ್ರಮ ಅವನ ಅಪ್ಪನದು. ಮೊದಲು ತಾತ, ಆಮೇಲೆ ಅಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರತ್ತೆಯ ಮಗಳು, ಕಟ್ಟಕಡೆಗೆ ಬರೆದವನು.

"ಬರೆದೋನ ಹೆಸರು ಕೊನೇಗೆ ಕಣೋ. ಅದು ಮರ್ಯಾದೆ," ಅಂತ ಅಪ್ಪ ಅಪ್ಪಣೆ ಕೊಡಿಸಿದ್ದರು.

ರೇಡಿಯೋದ ಹೆಣ್ಣುಮಗಳು ತಾತನಿಂದ ಶುರುಮಾಡಿ ಸೋದರತ್ತೆಯ ಮಗಳವರೆಗೆ ಜೇನು ಸುರಿದ ಹಾಗೆ ಓದಿ, "ಹಾಗೂ ಮನೆಯವರೆಲ್ಲರೂ" ಅಂದು ಹಾಡು ಹಾಕಿಬಿಡುತ್ತಿದ್ದಳು. ಹುಡುಗನಾಗಿದ್ದಷ್ಟು ಕಾಲವೂ ನಾಣಿ 'ಹಾಗೂ ಮನೆಯವರೆಲ್ಲರೂ' ಆಗಿದ್ದ.

ಆಮೇಲೆ ವಿಮಾ ಕಚೇರಿ ಸೇರಿ ಟೆಲಿಫೋನಿನ ಪಕ್ಕದ ಮೇಜಿನಲ್ಲಿ ಕೂತ. ಅಲ್ಲೂ ಅದೇ ಕಥೆ. ಅವನು ನಿವೃತ್ತನಾದ ದಿನವೇ ದೊಡ್ಡ ಸಾಹೇಬರೂ ನಿವೃತ್ತರಾದರು. ಸಾಹೇಬರಿಗೆ ಹಾರ, ಪೇಟ, ಶಾಲು, ಮೇಲೆ ಮುಗಿಯದ ಭಾಷಣ. ಭಾಷಣದ ಬಾಲದಲ್ಲಿ, "ಇಂದೇ ನಿವೃತ್ತರಾಗುತ್ತಿರುವ ಇತರ ಸಿಬ್ಬಂದಿಗೂ ಶುಭವಾಗಲಿ." ಇತರ ಸಿಬ್ಬಂದಿ ಅಂತ ಇದ್ದದ್ದು ಒಬ್ಬನೇ. ಅವನು ಹಿಂದಿನ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ.

ಇಂಥ ನಾಣಿ ಒಂದು ಭಾನುವಾರ ಬೆಳಗ್ಗೆ ಅಡುಗೆಮನೆ ರೇಡಿಯೋದ ಹಿಂದೆ ಹೊಕ್ಕ ಜಿರಲೆಯನ್ನು ಪೊರಕೆಯಿಂದ ಹೊಡೆಯಲು ಹೋದ. ಜಿರಲೆ ತಪ್ಪಿಸಿಕೊಂಡಿತು. ಪೊರಕೆ ತಗುಲಿ ರೇಡಿಯೋದ ಮುಳ್ಳು ಜರುಗಿತು. ಯಾವುದೋ ಹುಡುಗನ ದನಿ ಕೇಳಿಸಿತು: "ಅಯ್ಯೋ, ತಪ್ಪಾಯ್ತು. ಶ್ರುತಿನೇ ಹೋಯ್ತು. ಮತ್ತೆ ಮೊದಲಿಂದ ಹಾಡ್ತೀವಿ."

ನಾಣಿ ಪೊರಕೆ ಹಿಡಿದು ಹಾಗೇ ನಿಂತುಬಿಟ್ಟ. ಒಬ್ಬ ಮನುಷ್ಯ ಎಲ್ಲರಿಗೂ ಕೇಳಿಸುವ ಹಾಗೆ 'ತಪ್ಪಾಯ್ತು' ಅಂದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಅವನ ಕಚೇರಿಯಲ್ಲಿ ತಪ್ಪು ಅನ್ನುವುದು ಫೈಲಿನಿಂದ ಫೈಲಿಗೆ ಓಡಾಡುತ್ತಿತ್ತೇ ಹೊರತು ಯಾರ ಬಾಯಿಂದಲೂ ಹೊರಬಿದ್ದದ್ದಿಲ್ಲ.

ಅದು ಕಾಕ್ಸ್‌ಟೌನಿನ ಒಂದು ಬೇಕರಿಯ ಮಹಡಿಯಿಂದ ಬರುವ 'ಓಣಿ ರೇಡಿಯೋ' ಅನ್ನುವ ಸಣ್ಣ ಸ್ಟೇಷನ್ನು. ಹಾಡುತ್ತಿದ್ದದ್ದು 'ಕರೆಂಟ್ ಹೋಯ್ತು' ಅನ್ನುವ ಬ್ಯಾಂಡು. ಗಿಟಾರು ಹಿಡಿದು ಹಾಡುವವನು ಭಾರ್ಗವ್, ಡ್ರಮ್ಮು ಬಾರಿಸುವವಳು ಆಶ್ರಿತಾ. ಬೇರೆ ಯಾರೂ ಪುಕ್ಕಟೆ ಬರುವುದಿಲ್ಲವಾದ್ದರಿಂದ ಸ್ಟೇಷನ್ ನಡೆಸುವ ದತ್ತು ಅನ್ನುವವನು ಅವರನ್ನೇ ಭಾನುವಾರಕ್ಕೊಮ್ಮೆ ಕರೆದು ಕೂರಿಸುತ್ತಿದ್ದ.

"ಇದು ಹಾಡೇನ್ರೀ, ಪಾತ್ರೆ ಬಿದ್ದಿದ್ದಾ?" ಅಂದಳು ಹೆಂಡತಿ ಸುಬ್ಬಲಕ್ಷ್ಮಿ.

"ಹಾಡು ಬಿಡೇ, ಹಾಡಿನ ಮಧ್ಯ ಕೇಳು. ನೋಡು, ಟೀ ಕುಡೀತಿದಾರೆ. ಈಗ ಆ ಹುಡುಗಿ ಬೈತಾಳೆ ನೋಡು ಅವನ್ನ."

ರೇಡಿಯೋದಲ್ಲಿ ಆಶ್ರಿತಾ, "ಲೋ, ನೀನು ಎರಡನೇ ಸಾಲು ನುಂಗ್ಬಿಟ್ಟೆ," ಅಂದಳು. ನಾಣಿ ತಾನೇ ಬೈದಷ್ಟು ಹಿಗ್ಗಿದ.

ಇದೇ ಹಾಡುಗಳನ್ನು ಯಾರೋ ಫೋನಿನಲ್ಲಿ ಕೇಳಿಸಿದಾಗ ಅವನಿಗೆ ಒಂಚೂರೂ ಹಿಡಿಸಲಿಲ್ಲ. ಫೋನಿನಲ್ಲಿದ್ದದ್ದು ಒಗೆದು ಇಸ್ತ್ರಿ ಮಾಡಿದ ಹಾಡು. ರೇಡಿಯೋದಲ್ಲಿ ಬರುವುದು ಮೈಮೇಲಿನ ಅಂಗಿ, ಬೆವರು ಸಮೇತ. ಯಾವ ವಾರ ಭಾರ್ಗವನಿಗೆ ನೆಗಡಿ, ಯಾವ ವಾರ ತಂತಿ ಕಿತ್ತುಹೋಯಿತು, ಯಾವ ವಾರ ಕೆಳಗಿನ ಬೇಕರಿಯವನು ಬಂದು ಗದರಿದ, ನಾಣಿಗೆ ಎಲ್ಲ ಬಾಯಿಪಾಠ. ಬೇರೆಯವರು ಮೊಮ್ಮಕ್ಕಳ ತುಂಟತನ ಹೇಳಿಕೊಳ್ಳುವ ಹಾಗೆ ಇವನು ಪಾರ್ಕಿನ ಬೆಂಚಿನ ಮೇಲೆ ಅದನ್ನೆಲ್ಲ ಹೇಳಿಕೊಳ್ಳುತ್ತಿದ್ದ. ಬೆಂಚು ಬೇಗ ಬೇಗ ಖಾಲಿಯಾಗುತ್ತಿತ್ತು.

ಒಂದು ಭಾನುವಾರ ಸುಬ್ಬಲಕ್ಷ್ಮಿ ಕರಿದ ಕೋಡುಬಳೆಯನ್ನು ಡಬ್ಬಿಗೆ ತುಂಬಿಕೊಂಡು ನಾಣಿ ಕಾಕ್ಸ್‌ಟೌನಿಗೇ ಹೋದ. ಬೇಕರಿಯ ಮೆಟ್ಟಿಲು ಹತ್ತುವಾಗ ಬ್ಯಾಂಡು ಇಳಿಯುತ್ತಿತ್ತು.

"ಸಾರಿ ಅಂಕಲ್, ಇನ್ಮೇಲೆ ಮೆತ್ತಗೆ ಬಾರಿಸ್ತೀವಿ," ಅಂದಳು ಆಶ್ರಿತಾ, ಬೇಕರಿಯ ಕಡೆಯಿಂದ ಬಂದ ಜಗಳ ಅಂದುಕೊಂಡು.

"ಮೆತ್ತಗಾ! ಇನ್ನೂ ಜೋರಾಗಿ ಬಾರಿಸಮ್ಮಾ. ನಾನು ನಾಣಿ. ಹೊಸ ತಿಪ್ಪಸಂದ್ರ. ನಿಮ್ಮ ಅಭಿಮಾನಿ."

ಅಭಿಮಾನಿ ಅನ್ನುವ ಪ್ರಾಣಿಯನ್ನು ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೆಸರು ಕೇಳಿಸಿಕೊಳ್ಳುವ ಮೊದಲೇ ಕೋಡುಬಳೆ ಕೈಗೆ ಬಂದಿತ್ತು. ಭಾರ್ಗವ್ ಕುರುಕುರು ತಿನ್ನುತ್ತಾ ತನ್ನ ನಂಬರು ಕೊಟ್ಟು, ಅವನದನ್ನು ತೆಗೆದುಕೊಂಡು, 'ಕೋಡುಬಳೆ ಅಂಕಲ್' ಅಂತ ಸೇವ್ ಮಾಡಿಕೊಂಡ.

ಆ ಸಂತೋಷದಲ್ಲಿ ನಾಣಿ ಸ್ಟೇಷನ್ನಿನ ವಾಟ್ಸಾಪಿಗೆ ಒಂದು ವಾಯ್ಸ್ ನೋಟು ಕಳಿಸಿದ. ಹಳೇ ಕಾರ್ಡಿನ ಶೈಲಿ: "ಕರೆಂಟ್ ಹೋಯ್ತು ತಂಡದ ಗೀತೆಯನ್ನು ಕೋರುವವರು, ಹೊಸ ತಿಪ್ಪಸಂದ್ರದಿಂದ ಸುಬ್ಬಲಕ್ಷ್ಮಿ, ಆಂಜನಮ್ಮ..." ಕೊನೆಗೆ ತನ್ನ ಹೆಸರು. ದತ್ತುವಿಗೆ ಅದು ಹಳೇ ಕಾಲದ ತಮಾಷೆಯಾಗಿ ಕಂಡು, ಮೊದಲೆರಡು ಹೆಸರು ಕೇಳಿಸಿ, "ಹಾಗೂ ಇತರರು" ಅಂದ.

ಸುಬ್ಬಲಕ್ಷ್ಮಿ ಅಂದಳು: "ಮುಂದಿನ ಸಲ ನಿಮ್ಮ ಹೆಸರು ಮೊದ್ಲು ಹಾಕ್ಕೊಳ್ರೀ."

"ಛೆ! ಬರೆದೋನ ಹೆಸರು ಮೊದ್ಲು ಹಾಕಿದ್ರೆ ಜನ ಏನಂತಾರೆ?"

ಜನ ಏನೂ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಎದುರುಮನೆಯ ಆಂಜನಮ್ಮ ಆ ಊರಿನ ಮೂಲ ನಿವಾಸಿ. ಈಗ ಕಾಂಪ್ಲೆಕ್ಸುಗಳು ನಿಂತಿರುವ ಜಾಗದಲ್ಲಿ ಹಿಂದೆ ರಾಗಿ ಕುಯ್ದವಳು, ಇವತ್ತು ಬಾಡಿಗೆ ಕುಯ್ಯುವವಳು. ಅವಳು ಒಂದು ಪುಟ್ಟಿ ಅವರೇಕಾಯಿ ಹೊತ್ತುಕೊಂಡು ಬಂದಳು.

"ನಾಣಪ್ಪಾ, ನನ್ ಹೆಸ್ರು ರೇಡಿಯಾದಾಗ್ ಬಂತಂತೆ! ನಮ್ಮಪ್ಪ ನನ್ನ ಶಾಲೆಗೇ ಸೇರಿಸ್ನಿಲ್ಲ, ನೀನು ರೇಡಿಯಾಗೆ ಸೇರಿಸ್ಬುಟ್ಟೆ."

ಹಿಂದೆಯೇ ಅವಳ ಮಗ ಮುನಿರಾಜ್ ಬಂದ. ಕಾರ್ಪೊರೇಷನ್ ಎಲೆಕ್ಷನ್ನು ಇವತ್ತು ನಾಳೆ ಅಂತ ವರ್ಷಗಟ್ಟಲೆ ಮುಂದೆ ಹೋದರೂ ಬಿಳಿ ಅಂಗಿಯ ಇಸ್ತ್ರಿ ಮುರಿಯದೆ ಕಾಯುತ್ತಿದ್ದ ಮನುಷ್ಯ. "ಸಾರ್, ಅಮ್ಮಂದೇ ಹಾಕಿದೀರ, ನಂದೂ ಒಂದು ಹಾಕ್ಬಿಡಿ. ಸಮಾಜ ಸೇವಕರು ಅಂತ ಸೇರಿಸಿ."

ಅವನ ದಾಯಾದಿ ಕೆಂಪರಾಜನದು ಅದೇ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮುನಿರಾಜ್ ಉಸಿರಾಡಿದರೆ ಇವನು ಸೀನುತ್ತಿದ್ದ. "ನಾಣಿ ಸಾರ್, ಅವನ ಹೆಸರಿಗಿಂತ ಮುಂಚೆ ನಂದು ಬರ್ಬೇಕು. ನಾನು ಅವನಿಗಿಂತ ದೊಡ್ಡೋನು. ನಿಮ್ಮನೆ ನಲ್ಲಿ ತೊಟ್ಟಿಕ್ಕುತ್ತಲ್ಲ, ನಾಳೇನೇ ಹೊಸದು ಹಾಕಿಸ್ತೀನಿ."

ಮುನಿರಾಜ್ ಸುಮ್ಮನಿರುತ್ತಾನೆಯೇ? ನಾಣಿಯ ಮನೆ ಮುಂದೆ ಮೋರಿ ಅಗೆಸಿ ಕಾಮಗಾರಿ ತೋರಿಸಿದ. ನಲ್ಲಿ ಹೊಸದಾಯಿತು, ಮೋರಿ ಬಾಯಿ ಬಿಟ್ಟುಕೊಂಡು ಹಾಗೇ ಉಳಿಯಿತು. ನಾಣಿ ಹಲಗೆ ಹಾಕಿಕೊಂಡು ಮೋರಿ ದಾಟಿ ತನ್ನ ಕೀರ್ತಿಯ ಕಡೆಗೆ ನಡೆದ. ಕಚೇರಿಯಲ್ಲಿ ಪ್ಯೂನು ಕೂಡ ಎದ್ದು ನಿಲ್ಲದಿದ್ದವನಿಗೆ ಈಗ ಮಾರ್ಕೆಟ್ ರಸ್ತೆಯ ಹೂವಿನವಳೂ ನಮಸ್ಕಾರ ಹೇಳುತ್ತಿದ್ದಳು.

ಕೊನೆಗೆ ಬಂದವಳು ಬದ್ರುನ್ನೀಸಾ. ಅದೇ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಅವಳದು. ಒಳಗೆ ಬರಲಿಲ್ಲ, ಹಲಗೆಯ ಆಚೆಯೇ ನಿಂತಳು.

"ನಾಣಿ ಭಾಯ್, ನಮ್ದು ಬೇಡ. ನಮ್ಮ ಯಜಮಾನ್ರದು ಹಾಕ್ತೀರಾ? ಖಾಲಿಕ್ ಸಾಬ್ ಅಂತ. ಮಿಷಿನ್ ಪಕ್ಕ ಅವ್ರದು ರೇಡಿಯೋ ಯಾವಾಗ್ಲೂ ಹಾಡ್ತಿತ್ತು. ಹೋಗ್ಬಿಟ್ಟಿದಾರೆ ಅಂತ ರೇಡಿಯೋದವ್ರಿಗೆ ಹೇಳ್ಬೇಡಿ. ಒಂದು ದಫಾ ಬಂದ್ರೆ ಸಾಕು."

"ಅದಕ್ಕೇನಮ್ಮಾ, ಧಾರಾಳವಾಗಿ," ಅಂದ ನಾಣಿ. ಆಗ ಅವನು ಧಾರಾಳದ ಶಿಖರದಲ್ಲಿದ್ದ.

ಮರುದಿನ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಭಾರ್ಗವನಿಗೇ ನೇರ ಕಳಿಸುವ ವಾಯ್ಸ್ ನೋಟಿಗೆ ಕೂತ. ಎದುರಿಗೆ ಸುಬ್ಬಲಕ್ಷ್ಮಿ ಅವರೇಕಾಯಿ ಬಿಡಿಸುತ್ತಿದ್ದಳು. ಇಲ್ಲಿ ಒಂದು ವಿಷಯ ಹೇಳಬೇಕು. ವಿಮಾ ಕಚೇರಿಯ ಟೆಲಿಫೋನಿನಲ್ಲಿ ನಾಣಿ ಒಂದು ವಿದ್ಯೆ ಕಲಿತಿದ್ದ. ಗಿರಾಕಿಯ ಜೊತೆ "ಖಂಡಿತ ಸಾರ್, ನಿಮ್ಮ ಕೇಸೇ ನೋಡ್ತಿದೀನಿ" ಅನ್ನುವುದು. ರಿಸೀವರಿನ ಬುಡಕ್ಕೆ ಅಂಗೈ ಮುಚ್ಚಿ, ಪಕ್ಕದವನಿಗೆ "ಈ ಶನಿ ಮತ್ತೆ ಗಂಟುಬಿದ್ದ ಕಣಯ್ಯ" ಅನ್ನುವುದು. ಅಂಗೈ ತೆಗೆದು ಮತ್ತೆ "ಹೇಳಿ ಸಾರ್" ಅನ್ನುವುದು. ಇಡೀ ಸರ್ವೀಸು ಹೀಗೇ ಕಳೆದಿತ್ತು, ಒಬ್ಬ ಗಿರಾಕಿಗೂ ಗೊತ್ತಾಗಿರಲಿಲ್ಲ. ಮೊಬೈಲಿಗೂ ಬುಡವಿದೆ, ನಾಣಿಗೂ ಅಂಗೈ ಇದೆ. ಅಂಗೈ ಮುಚ್ಚಿದರೆ ಮೊಬೈಲಿನ ಕಿವಿಯೂ ಮುಚ್ಚುತ್ತದೆ ಅನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೀಗೆ ಒಂದೊಂದು ಹೆಸರನ್ನೂ ಆಕಾಶಕ್ಕೆ ಕೇಳಿಸುವ ಗಾಂಭೀರ್ಯದಲ್ಲಿ ಹೇಳಿದ. ಪ್ರತಿ ಹೆಸರಾದ ಮೇಲೂ ಅಂಗೈ ಮುಚ್ಚಿ ಹೆಂಡತಿಗೆ ಒಂದು ನಿಜ ಹೇಳಿದ. ಕಟ್ಟಕಡೆಗೆ, ಅಪ್ಪನನ್ನು ನೆನೆದು, ಗಂಟಲು ಸರಿಮಾಡಿಕೊಂಡು, ತನ್ನ ಹೆಸರು ಹೇಳಿ ಕಳಿಸಿದ.

ಎರಡು ಭಾನುವಾರ ಸುದ್ದಿಯಿಲ್ಲ. ಆಮೇಲೆ ರೇಡಿಯೋದಲ್ಲಿ ಭಾರ್ಗವ್, "ಮುಂದಿನ ವಾರ ಹೊಸ ಹಾಡು. ಪೂರ್ತಿ ಹೊಸ ತಿಪ್ಪಸಂದ್ರದ್ದೇ. ಅಲ್ಲಿನ ಹೆಸರುಗಳೇ ಹಾಡು," ಅಂದ.

ರಸ್ತೆಯಲ್ಲಿ ಹಬ್ಬ ಇಳಿಯಿತು. ಮುನಿರಾಜ್ ಗಣಪತಿ ಗುಡಿ ಮುಂದೆ ಶಾಮಿಯಾನ ಹಾಕಿಸಿ, ಎಫ್ಎಂ ರೇಡಿಯೋಗೆ ದೊಡ್ಡ ಸ್ಪೀಕರು ಕಟ್ಟಿಸಿ, ಪೊಂಗಲ್ಲಿಗೆ ಹೇಳಿ, ಫ್ಲೆಕ್ಸು ಹಾಕಿಸಿದ. ಫ್ಲೆಕ್ಸಿನಲ್ಲಿ ಮುನಿರಾಜ್ ಕೈಮುಗಿದಿದ್ದ, ಆಂಜನಮ್ಮ ಹರಸುತ್ತಿದ್ದಳು. ನಾಣಿ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಹುಡುಕಿದ.

"ನಂದೆಲ್ಲಿ ಮುನಿರಾಜ್?"

"ಅಲ್ಲೇ ಇದೆಯಲ್ಲ ಸಾರ್, ಕೆಳಗಡೆ. 'ಹಾಗೂ ಗೆಳೆಯರ ಬಳಗ'. ಅದ್ರಲ್ಲಿ ನೀವೇ ಮೇನು."

ಎದುರುಗಡೆ ಕೆಂಪರಾಜ್ ಅಂಗಡಿ ಮುಂದೆ ತನ್ನದೇ ಸ್ಪೀಕರಿಟ್ಟು ಫೋನಿಗೆ ಜೋಡಿಸಿದ. "ಎಫ್ಎಂ ಎಲ್ಲಾ ಹಳೇದು ಸಾರ್. ನಂದು ಆ್ಯಪು. ಡಿಜಿಟಲ್ಲು." ಡಿಜಿಟಲ್ಲಿನ ವಿಶೇಷವೇನೆಂದರೆ ಅದು ಎಫ್ಎಂಗಿಂತ ಅರ್ಧ ನಿಮಿಷ ಹಿಂದಿತ್ತು. ಗುಡಿ ಕಡೆ ದತ್ತು ನಮಸ್ಕಾರ ಹೇಳಿ ಮುಗಿಸಿ ಬಹಳ ಹೊತ್ತಾದ ಮೇಲೆ ಅಂಗಡಿ ಕಡೆ ಅವನು ನಮಸ್ಕಾರಕ್ಕೆ ಬಾಯಿ ತೆರೆದ.

ಬದ್ರುನ್ನೀಸಾ ಮದುವೆಗಳಿಗೆ ಮಾತ್ರ ತೆಗೆಯುವ ದುಪಟ್ಟಾ ಹೊದ್ದು, ಅಂಗಡಿಯಿಂದ ಸ್ಟೂಲು ತಂದು ರಸ್ತೆಯ ನಡುಮಧ್ಯೆ ಕೂತಿದ್ದಳು.

ಗಿಟಾರು ಶುರುವಾಯಿತು. ಅದರ ಮೇಲೆ ನಾಣಿಯ ದನಿಯೇ ಬಂತು. "ಮೊಟ್ಟಮೊದಲನೆಯದಾಗಿ ಶ್ರೀಮತಿ ಸುಬ್ಬಲಕ್ಷ್ಮಿಯವರು!" ಜನ ಚಪ್ಪಾಳೆ ಹೊಡೆದರು. ನಾಣಿ ಎದ್ದು ನಿಂತು ಕೈಮುಗಿದ.

ಡ್ರಮ್ಮು ಧಡ್ ಅಂತು. ಅದೇ ದನಿ, ಈಗ ಕಂಬಳಿಯೊಳಗಿಂದ ಬಂದ ಹಾಗೆ: "ನಿನ್ ಹೆಸರೇ ಮೊದ್ಲು ಹಾಕಿದೀನಿ. ಇವತ್ತಾದ್ರೂ ಹೊಸದಾಗಿ ಸಾರು ಮಾಡೇ."

ಜನ ಗೊಳ್ಳೆಂದರು. ನಾಣಿಯ ಮುಗಿದ ಕೈ ಮುಗಿದಲ್ಲೇ ಉಳಿಯಿತು. ಆಮೇಲೆ ಅದನ್ನು ಬಿಡಿಸಿ, ತನ್ನ ಬಲಗೈಯ ಅಂಗೈಯನ್ನು, ಇಷ್ಟು ವರ್ಷ ಜೊತೆಗಿದ್ದು ಈಗ ಕೈಕೊಟ್ಟ ಸಹೋದ್ಯೋಗಿಯನ್ನು ನೋಡುವ ಹಾಗೆ ನೋಡಿದ.

"ಸಮಾಜ ಸೇವಕರಾದ ಶ್ರೀ ಮುನಿರಾಜ್ ಅವರು!" ಧಡ್. "ಏನ್ ಸೇವೆನೋ. ಮೋರಿ ಅಗೆಸ್ತಾನೆ, ಮುಚ್ಚಿಸೋಕೆ ಮಾತ್ರ ಮರೀತಾನೆ."

ಕೆಂಪರಾಜ್ ಅಂಗಡಿಯ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೊಂದ್ಸಲ ಕೇಳ್ರೋ! ನನ್ ಸ್ಪೀಕರಲ್ಲಿ ಈಗ ಬರತ್ತೆ!" ಬಂತು. ಮುನಿರಾಜನ ಮರ್ಯಾದೆ ಎರಡನೇ ಸಲ, ಡಿಜಿಟಲ್ಲಾಗಿ ಹೋಯಿತು. ಕೆಂಪರಾಜ್ ಇನ್ನೂ ನಗುತ್ತಿರುವಾಗಲೇ ಗುಡಿ ಕಡೆಯಿಂದ, "ಬಡಾವಣೆಯ ಹಿರಿಯರಾದ ಶ್ರೀ ಕೆಂಪರಾಜ್ ಅವರು!" ಧಡ್. "ಫುಟ್‌ಪಾತ್ ಪೂರ್ತಿ ನುಂಗಿ ಅಂಗಡಿ ಮುಂದಕ್ಕೆ ತಂದಿದಾನೆ. ಹೆಸರಲ್ಲಾದ್ರೂ ಹಿಂದಿರ್ಲಿ."

ಕೆಂಪರಾಜ್ ತನ್ನ ಸ್ಪೀಕರನ್ನು ಆರಿಸಲು ಹಾರಿದ. "ಮುಟ್ಟಿದ್ರೆ ನೋಡು! ಈಗ ನಿಂದು ಬರೋದಿದೆ!" ಅಂತ ಮುನಿರಾಜನ ಹುಡುಗರು ಓಡಿಬಂದು ಅವನ ಕೈ ಹಿಡಿದು ನಿಲ್ಲಿಸಿದರು. ಅದೂ ಬಂತು. ದಾಯಾದಿಗಳಿಬ್ಬರೂ ಜೀವನದಲ್ಲಿ ಮೊದಲ ಸಲ ಒಂದೇ ದಿಕ್ಕಿಗೆ ತಿರುಗಿ ನಾಣಿಯನ್ನು ನೋಡಿದರು.

"ನಮ್ಮ ಆತ್ಮೀಯರಾದ ಜನಾಬ್ ಖಾಲಿಕ್ ಸಾಹೇಬರು!"

ಬದ್ರುನ್ನೀಸಾ ಕಣ್ಣು ಮುಚ್ಚಿದಳು. ಮುಖದ ಮೇಲೆ ಏನೋ ಒಂದು ಹಾದುಹೋಯಿತು. ಮುಂದಿನದು ನಾಣಿಗೆ ನೆನಪಿತ್ತು. ಧಡ್. "ಸತ್ತೋರ ಹೆಸರು ಸುಮ್ನೆ ಜಾಗ ತಿನ್ನತ್ತೆ ಕಣೇ. ಇರ್ಲಿ, ನಿನ್ನ ಬ್ಲೌಸ್ ಬೇಗ ಹೊಲಿದು ಕೊಡ್ತಾಳೆ."

ಈ ಸಲ ಯಾರೂ ನಗಲಿಲ್ಲ. ಬದ್ರುನ್ನೀಸಾ ಎದ್ದು ನಿಂತಳು, ಆದರೆ ಹೋಗಲಿಲ್ಲ. ಗುಡಿ ಕಡೆ ಹಾಡು ಮುಂದಕ್ಕೆ ಹೋಗಿ, "ಮಾತೃಶ್ರೀ ಆಂಜನಮ್ಮನವರು!" ಅಂದು, ಧಡ್, "ಅವರೇಕಾಯಲ್ಲಿ ಅರ್ಧ ಹುಳನೇ," ಅಂದಿತು. ಆಂಜನಮ್ಮ, "ಲೇ ನಾಣಿ, ಸೊಗಡಿನ ಅವ್ರೇಕಾಯಿ ಕಣೋ ಅದು! ನಿನ್ ಬಾಯ್ಗೆ ಹುಳ ಬೀಳ!" ಅಂತ ಎದ್ದಳು. ಆ ಗದ್ದಲದೊಳಗೇ ಅಂಗಡಿಯ ಸ್ಪೀಕರಿನಲ್ಲಿ ಮತ್ತೊಮ್ಮೆ, "ಜನಾಬ್ ಖಾಲಿಕ್ ಸಾಹೇಬರು!" ಬದ್ರುನ್ನೀಸಾ ಆ ಹೆಸರು ಪೂರ್ತಿ ಮುಗಿಯುವವರೆಗೆ ನಿಂತು ಕೇಳಿಸಿಕೊಂಡಳು. ಮುಂದಿನ ಮಾತು ಬರುವ ಮೊದಲೇ ಸ್ಟೂಲೆತ್ತಿಕೊಂಡು ಹೊರಟುಬಿಟ್ಟಳು.

ನಾಣಿ ಅವಳ ಹಿಂದೆ ಹೋಗಬೇಕಾಗಿತ್ತು. ಎರಡು ಹೆಜ್ಜೆ ಇಟ್ಟದ್ದೂ ನಿಜ. ಅಷ್ಟರಲ್ಲಿ ಗುಡಿಯ ಸ್ಪೀಕರು, "ಕೊನೆಯದಾಗಿ, ಇವರೆಲ್ಲರ ಪರವಾಗಿ ಈ ಗೀತೆಯನ್ನು ಕೋರುವವರು," ಅಂದಿತು. ನಾಣಿ ತಿರುಗಿ ನಿಂತ. ಸುತ್ತಲೂ ಬೈಗುಳ, ಕಾಲಡಿ ಉರುಳಿದ ಪೊಂಗಲ್ಲಿನ ತಟ್ಟೆಗಳು. ಅವನಿಗೆ ಯಾವುದೂ ಕೇಳಿಸಲಿಲ್ಲ. "ಹೊಸ ತಿಪ್ಪಸಂದ್ರದಿಂದ..."

ಗಿಟಾರು ಬಂತು. ದನಿ ಸಣ್ಣದಾಗುತ್ತಾ ಸಣ್ಣದಾಗುತ್ತಾ ಗಿಟಾರಿನ ಹೊಟ್ಟೆಯೊಳಗೆ ಇಳಿದುಹೋಯಿತು. ಹಾಡು ಮುಗಿಯಿತು.

"ವಾಹ್!" ಅಂದ ರೇಡಿಯೋದಲ್ಲಿ ದತ್ತು. "ಯಾರ್ ಗುರು ಇದು, ವಾಯ್ಸು?"

"ಕೋಡುಬಳೆ ಅಂಕಲ್ ಅಂತ ಒಬ್ರು," ಅಂದ ಭಾರ್ಗವ್.

"ಕೊನೇಲಿ ಏನೋ ಹೆಸರು ಹೇಳಕ್ಕೆ ಹೋಗ್ತಿದ್ರಲ್ಲ?"

"ಹ್ಞೂ, ಏನೋ ಇತ್ತು. ಹಾಡು ಉದ್ದ ಆಯ್ತು, ಜಾಗ ಇರ್ಲಿಲ್ಲ. ಕಟ್ ಮಾಡಿದ್ವಿ."

ಶಾಮಿಯಾನದೊಳಗಿಂದ ಸುಬ್ಬಲಕ್ಷ್ಮಿಯ ದನಿ ಎದ್ದಿತು: "ಆ ಕೋಡುಬಳೆ ಮಾಡಿದ್ದೂ ನಾನು!"

ನಾಣಿ ಸ್ಪೀಕರಿನ ಎದುರು ಕಾದ. ಈಗ ಆ ಹುಡುಗ ನಾಲಗೆ ಕಚ್ಚಿಕೊಳ್ಳುತ್ತಾನೆ. 'ಅಯ್ಯೋ, ತಪ್ಪಾಯ್ತು, ಮತ್ತೆ ಮೊದಲಿಂದ' ಅನ್ನುತ್ತಾನೆ. ಆ ಹುಡುಗಿಯಾದರೂ, 'ಲೋ, ಕೊನೇ ಹೆಸರು ನುಂಗ್ಬಿಟ್ಟೆ' ಅಂತ ಬೈಯುತ್ತಾಳೆ. ವಾರವಾರವೂ ತಪ್ಪು ಮಾಡಿ ಮಾಡಿ ಅವನನ್ನು ಅಭಿಮಾನಿ ಮಾಡಿಕೊಂಡವರು ಆವತ್ತು ಸ್ಟುಡಿಯೋದಲ್ಲಿ ಒಗೆದು ಇಸ್ತ್ರಿ ಮಾಡಿದ ಹಾಡು ತಂದಿದ್ದರು. ಒಂದು ತಪ್ಪೂ ಇರಲಿಲ್ಲ.

ಅಷ್ಟರಲ್ಲಿ ಅವನ ಕಿವಿ ನಿಮಿರಿತು. ರಸ್ತೆಯ ಆಚೆ, ಕೆಂಪರಾಜನ ಅಂಗಡಿಯಲ್ಲಿ, ಹಾಡು ಇನ್ನೂ ಮುಗಿದಿರಲಿಲ್ಲ! ಅಲ್ಲಿ ಈಗಷ್ಟೇ ಆಂಜನಮ್ಮನ ಅವರೇಕಾಯಿ ನಡೆಯುತ್ತಿತ್ತು.

ಒಂದೇ ಹಾಡು, ಒಂದೇ ಸ್ಟೇಷನ್ನು, ಅಲ್ಲಿ ಮುಗಿದದ್ದು ಇಲ್ಲೂ ಹಾಗೇ ಮುಗಿಯುತ್ತದೆ ಅನ್ನುವುದು ನಾಣಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಪಂಚೆ ಎತ್ತಿಕಟ್ಟಿ, ಆಟೋಗೆ ಕೈ ಅಡ್ಡ ಹಿಡಿದು, ಆ ವಯಸ್ಸಿನಲ್ಲಿ ರಸ್ತೆ ಹಾರಿ ಓಡಿದ. ಕೆಂಪರಾಜನನ್ನು ಪಕ್ಕಕ್ಕೆ ತಳ್ಳಿ ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿ ಒತ್ತಿದ.

"ಕೊನೆಯದಾಗಿ, ಇವರೆಲ್ಲರ ಪರವಾಗಿ..."

ಹಿಂದುಗಡೆ ಗುಡಿಯ ಮೈಕು ಮುನಿರಾಜನ ಕೈಗೆ ಸಿಕ್ಕಿತ್ತು. "ಏಯ್ ನಾಣಿ! ಎಲ್ರೋ ಆ ನಾಣಿ? ಹಿಡೀರೋ ನಾಣೀನ!" ಅವನ ಹುಡುಗರು ನಾಣಿ ನಾಣಿ ಅಂತ ಕೂಗಿದರು. ಆಂಜನಮ್ಮ ಕೂಗಿದಳು. ಮೂರನೇ ಅಡ್ಡರಸ್ತೆಯಲ್ಲಿ ನಡೆದುಹೋಗುತ್ತಿದ್ದ ಬದ್ರುನ್ನೀಸಾಳಿಗೂ ಕೇಳಿಸುವ ಹಾಗೆ ಇಡೀ ಹೊಸ ತಿಪ್ಪಸಂದ್ರ ದೊಡ್ಡ ಸ್ಪೀಕರಿನಲ್ಲಿ ಒಂದೇ ಹೆಸರನ್ನು ಕೂಗುತ್ತಿತ್ತು.

ನಾಣಿ ಸ್ಪೀಕರಿನಿಂದ ಕಿವಿ ತೆಗೆಯದೆ, ಬಲಗೈಯನ್ನು ಹಿಂದಕ್ಕೆ ಬೀಸಿ ಗದರಿದ.

"ಷ್! ಒಂದ್ ನಿಮಿಷ ಎಲ್ಲಾ ಬಾಯ್ಮುಚ್ಕೊಂಡಿರ್ರೋ. ನನ್ ಹೆಸರು ಬರೋ ಹೊತ್ತು!"